ಯಾವ ಪೈಪಿಗೂ ಸೇರದ ಟೀ

ಮೊದಲು ಖರ್ಚು ಹೇಳಿಬಿಡುತ್ತೇನೆ. ಮುಳಬಾಗಿಲಿನಲ್ಲಿ ಆಗಷ್ಟೇ ಟೈಲ್ಸ್ ಕೂತಿದ್ದ ಒಂದು ಅಡುಗೆಮನೆ ಗೋಡೆಯನ್ನು ಒಡೆಸಿ, ಕೈಯಿಂದ ದುಡ್ಡು ಹಾಕಿ ಮತ್ತೆ ಮಾಡಿಸಿಕೊಟ್ಟೆ. ಜೊತೆಗೆ, ಕೋಲಾರದ ನನ್ನ ಆಫೀಸಿನಲ್ಲಿ ಡ್ರಾಯಿಂಗ್ ಮಾಡುತ್ತಿದ್ದ ಒಳ್ಳೆಯ ಹುಡುಗಿಯನ್ನು ಕಳೆದುಕೊಂಡೆ. ಟೈಲ್ಸಿನಲ್ಲಿ ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ಒಂದಿಷ್ಟು ಉಳಿಸಿದೆ. ಎರಡನೆಯದರಲ್ಲಿ ಚೌಕಾಸಿ ನಡೆಯಲಿಲ್ಲ.

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಪೈಪ್ ರೆಂಚ್ ಹಿಡಿದು ಕೂಲಿಗೆ ಹೋಗುತ್ತಿದ್ದವನು ಕಾಂಟ್ರಾಕ್ಟರ್ ಆಗಿದ್ದೇನೆ. ಗೋಡೆಯೊಳಗೆ ಏನೋ ಸದ್ದು ಎಂದು ಹೆದರಿ ಕರೆಸಿದವರ ಮನೆಯಲ್ಲೆಲ್ಲ ನನಗೆ ಸಿಕ್ಕಿದ್ದು ಸಡಿಲವಾದ ಕ್ಲಾಂಪು. ಏನೇ ವಿಚಿತ್ರ ನಡೆದರೂ ಹಿಂದೆ ಯಾರದೋ ಲಾಭ ಇರುತ್ತದೆ ಎಂಬುದು ನನ್ನ ಲೆಕ್ಕ. ಈ ಸಂಗತಿ ನಡೆದದ್ದೂ ಅಮಾವಾಸ್ಯೆಯ ರಾತ್ರಿಯಲ್ಲಲ್ಲ, ಒಳ್ಳೆಯ ಬಿಸಿಲಿನಲ್ಲಿ.

ಕೆಲವು ವರ್ಷಗಳ ಹಿಂದೆ ನಿವೃತ್ತ ನರ್ಸ್ ನಾಗರತ್ನಮ್ಮನವರು ಬಾಡಿಗೆಗೆಂದು ಮುಳಬಾಗಿಲಿನಲ್ಲಿ ಮೂರು ಮಹಡಿ ಕಟ್ಟಿಸುತ್ತಿದ್ದರು. ನೀರಿನ ಕೆಲಸ ನನ್ನದು. ಆ ಹೊತ್ತಿಗೆ ನಾನು ಕಟ್ಟಡವನ್ನು ಇಡಿಯಾಗಿ ಕಂಪ್ಯೂಟರಿನಲ್ಲೇ ಕಟ್ಟಿ ತೋರಿಸುವ ಸಾಫ್ಟ್‌ವೇರ್ ತರಿಸಿದ್ದೆ. ಅದರಲ್ಲಿ ಪೈಪು ಬರೀ ಗೆರೆಯಲ್ಲ. ಒಂದರ ಬಾಯಿ ಇನ್ನೊಂದಕ್ಕೆ ಸೇರಲೇಬೇಕು. ಎಲ್ಲಾದರೂ ಬಾಯಿ ತೆರೆದಿದ್ದರೆ ಹಳದಿ ಗುರುತು ತೋರಿಸಿ ರಗಳೆ ಮಾಡುತ್ತದೆ. ಅದನ್ನು ನಡೆಸುತ್ತಿದ್ದವಳು ನಸ್ರೀನ್. ಆಕೆಯ ಸಂಬಳದ ಮೇಲೆ ಒಂದು ಮನೆ ನಿಂತಿತ್ತು. ನನಗೆ ಆ ಸಾಫ್ಟ್‌ವೇರ್ ತೆರೆಯಲು ಬರುತ್ತಿತ್ತು, ಮುಚ್ಚಲು ಬರುತ್ತಿತ್ತು, ನಡುವಿನದೆಲ್ಲ ಆಕೆಯದು.

ಸೈಟಿನಲ್ಲಿ ಇನ್ನೂ ಪಾಯ ಮಾತ್ರ ಮುಗಿದಿತ್ತು. ಒಂದು ದಿನ ನಸ್ರೀನ್ ನನ್ನನ್ನು ಕರೆದು, ಅಡುಗೆಮನೆಯ ಗೋಡೆಯೊಳಗೆ ತಾನು ಹಾಕದ ಒಂದು ಟೀ ಬಂದಿದೆ ಎಂದಳು. ಟೀ ಅಂದರೆ ಒಂದು ಪೈಪಿನಿಂದ ಇನ್ನೊಂದು ದಾರಿ ತೆಗೆಯುವ ಮೂರು ಬಾಯಿಯ ಫಿಟಿಂಗ್. ನೀರಿನ ಪೈಪಿನಿಂದ ಗೇಣು ದೂರದಲ್ಲಿ, ಯಾವುದಕ್ಕೂ ಸೇರದೆ, ಮೂರು ಬಾಯಿಯನ್ನೂ ತೆರೆದುಕೊಂಡು ಅದು ನಿಂತಿತ್ತು.

ಸಾಫ್ಟ್‌ವೇರಿಗೆ ಇಂಥ ಚಾಳಿ ಉಂಟು. ಪೈಪಿಗೆ ಪೈಪು ತಾಗಿದರೆ ತಾನೇ ಟೀ ಹಾಕಿಬಿಡುತ್ತದೆ. ಎತ್ತರದಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೆ ಜೋಡಿಸಲು ಒಪ್ಪುವುದಿಲ್ಲ. ನಸ್ರೀನ್ ಮರೆಯಾಗಿದ್ದ ಪೈಪುಗಳನ್ನೆಲ್ಲ ತೆರೆದು ನೋಡಿದಳು, ಎತ್ತರ ಸರಿಮಾಡಿದಳು, ಅಳತೆ ಬದಲಿಸಿದಳು. ಟೀ ಸೇರಲಿಲ್ಲ. ಅಳಿಸಿದರೆ ಹೋಗುತ್ತಿತ್ತು, ಫೈಲು ಮುಚ್ಚಿ ತೆರೆದರೆ ಮತ್ತೆ ಅಲ್ಲೇ. ಹೊಸ ಫೈಲಿನಲ್ಲಿ ಮೊದಲಿಂದ ಬರೆದರೂ ಬಂತು. ನಾನೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ನೋಡಿದೆ. ಅದು ಬಂದಾಗ ಆಕೆಯ ಕೈ ಮೌಸಿನ ಮೇಲಿರಲಿಲ್ಲ.

ಆಗ ನನ್ನ ತಲೆ ಬೇರೆ ಕಡೆ ಓಡಿತು. ಆ ಗೋಡೆ ಏಳಬೇಕಿದ್ದ ಜಾಗಕ್ಕೆ ಅಂಟಿಕೊಂಡೇ ಒಂದು ಹೋಟೆಲು. ನಮ್ಮ ಕಡೆ ನೀರೆಂದರೆ ಟ್ಯಾಂಕರಿನಲ್ಲಿ ಕೊಂಡುಕೊಳ್ಳುವ ಸಾಮಾನು. ಪಕ್ಕದವರ ಗೋಡೆಯಲ್ಲಿ ಗುಟ್ಟಾಗಿ ಒಂದು ಟೀ ಬಿಟ್ಟು ಬಾಯಿ ಮುಚ್ಚಿಸಿದರೆ, ಮುಂದೊಂದು ದಿನ ಆಚೆಯಿಂದ ಕೊರೆದು ನೀರು ಎಳೆದುಕೊಳ್ಳಬಹುದು. ಇಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪ್ಯೂಟರಿನ ಟೀ ಕೂಡ ನಡುವಿನ ಬಾಯನ್ನು ಹೋಟೆಲಿನ ಕಡೆಗೇ ತಿರುಗಿಸಿತ್ತು. ನಸ್ರೀನ್ ಗುರುತು ಹಾಕುತ್ತಾಳೆ, ಸೈಟಿನ ಪ್ಲಂಬರ್ ಗಂಗುಲಪ್ಪ ಅಲ್ಲಿ ಟೀ ಕೂರಿಸುತ್ತಾನೆ, ಹೋಟೆಲಿನವನು ಇಬ್ಬರನ್ನೂ ನೋಡಿಕೊಳ್ಳುತ್ತಾನೆ ಎಂದು ಜೋಡಿಸಿಕೊಂಡೆ. ಆಕೆ ಆ ಸೈಟನ್ನು ಒಂದು ಸಲವೂ ನೋಡಿರಲಿಲ್ಲ. ಹಾಗಾದರೆ ಹೋಟೆಲು ಯಾವ ದಿಕ್ಕಿಗಿದೆ ಎಂದು ಯಾರೋ ಹೇಳಿಕೊಟ್ಟಿರಬೇಕಲ್ಲವೇ?

ನಾನು ಏನೂ ತೋರಿಸಿಕೊಳ್ಳಲಿಲ್ಲ. ಗೋಡೆ ಎದ್ದಿತು, ಪೈಪು ಕೂತಿತು. ಒತ್ತಡ ಹಾಕಿ ಪರೀಕ್ಷೆ ಮಾಡಿದಾಗ ಒಂದು ಹನಿಯೂ ಜಿನುಗಲಿಲ್ಲ. ಆದರೆ ಬಾಯಿ ಮುಚ್ಚಿದ ಟೀ ಕೂಡ ಜಿನುಗುವುದಿಲ್ಲ. ಟೈಲ್ಸ್ ಕೂತ ಮೇಲೂ ಕಂಪ್ಯೂಟರಿನಲ್ಲಿ ಹಳದಿ ಗುರುತು ಹಾಗೇ ಇತ್ತು. ಕೊನೆಗೆ ತಡೆಯಲಾರದೆ ನಸ್ರೀನಳನ್ನು ನೇರವಾಗಿ ಕೇಳಿಬಿಟ್ಟೆ. ಆಕೆ ದನಿ ಏರಿಸಲಿಲ್ಲ.

"ಗೋಡೆ ಒಡೆದು ನೋಡಿ ಸರ್. ಪೈಪಿಗೆ ಟೀ ಇದ್ರೆ ನಾಡಿದ್ದಿಂದ ನಾನು ಬರಲ್ಲ. ಇಲ್ದಿದ್ರೂ ಬರಲ್ಲ."

ಕೋಪದ ಮಾತು, ಇಳಿಯುತ್ತದೆ ಎಂದುಕೊಂಡೆ. ಮರುದಿನ ಆಕೆಗೆ ಫೈಲು ತೆರೆದಿಟ್ಟುಕೊಂಡು ಕೂರಲು ಹೇಳಿ ಮುಳಬಾಗಿಲಿಗೆ ಹೋದೆ. ಒಳಗೆ ಹೋಗುವ ಮೊದಲು ಗಂಗುಲಪ್ಪನ ಫೋನನ್ನೂ ಟೈಲ್ಸಿನವನ ಫೋನನ್ನೂ ಇಸಿದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ನಾಗರತ್ನಮ್ಮನವರು ಅಡ್ಡ ನಿಂತರು. "ಜ್ವರ ಬಂದಿರೋದು ನಿನ್ ಕಂಪ್ಯೂಟರಿಗೆ. ಆಪರೇಷನ್ ನನ್ ಗೋಡೆಗ್ಯಾಕಪ್ಪಾ?" ಎಂದರು. ಗೋಡೆಯ ಖರ್ಚು ಪೂರ್ತಿ ನನ್ನದು ಎಂದ ಮೇಲೆ ಪಕ್ಕಕ್ಕೆ ಸರಿದರು.

ಟೈಲ್ಸ್ ಬಿತ್ತು, ಗಾರೆ ಬಿತ್ತು. ಪೈಪು ಮೇಲಿಂದ ಕೆಳಗಿನವರೆಗೆ ನೇರವಾಗಿತ್ತು. ಟೀ ಇರಲಿಲ್ಲ. ಮನಸ್ಸಿಗೆ ಹಗುರವೂ ಆಯಿತು, ಖರ್ಚು ನೆನೆದು ಸಂಕಟವೂ ಆಯಿತು. ಅಷ್ಟರಲ್ಲಿ ಗಂಗುಲಪ್ಪನ ಉಳಿ ಪಕ್ಕದ ಸಿಮೆಂಟ್ ಬ್ಲಾಕಿಗೆ ತಗುಲಿ ಕಬ್ಬಿಣದ ಸದ್ದು ಬಂತು. ಬ್ಲಾಕನ್ನು ಒಡೆಸಿದೆ. ಅದರ ಹೊಟ್ಟೆಯೊಳಗೆ ತುಕ್ಕು ಹಿಡಿದ ಹಳೆಯ ಕಬ್ಬಿಣದ ಟೀ ಇತ್ತು. ಟೇಪು ಹಿಡಿದು ನೋಡಿದೆ. ಕಂಪ್ಯೂಟರಿನಲ್ಲಿದ್ದ ಎತ್ತರವೇ, ಪೈಪಿನಿಂದ ಅದೇ ದೂರ. ನಡುವಿನ ಬಾಯಿ ಹೋಟೆಲಿನ ಕಡೆ.

ಗಂಗುಲಪ್ಪ ಗಾಬರಿಯಾದರೆ ತೆಲುಗಿಗೆ ಇಳಿಯುತ್ತಾನೆ. "ನಾಕೇಮಿ ತೆಲೀದನ್ನಾ," ತನಗೇನೂ ಗೊತ್ತಿಲ್ಲ ಎಂದ. "ಬ್ಲಾಕ್ ಒಳಗೆ ನಾನ್ ಹೆಂಗಣ್ಣಾ ಇಡ್ಲಿ?"

ಆ ಮಾತು ನಿಜ. ಬ್ಲಾಕು ಅಚ್ಚಾದದ್ದು ಹುತ್ತೂರಿನ ಕಡೆ. ಅಚ್ಚು ಹಾಕುವವರು ಜಲ್ಲಿಯ ಜೊತೆ ಏನೇನೋ ಸೇರಿಸುತ್ತಾರೆ, ಒಪ್ಪಿಕೊಳ್ಳುತ್ತೇನೆ. ಆದರೆ ಲಾರಿಯ ತುಂಬ ಬಂದ ಬ್ಲಾಕುಗಳಲ್ಲಿ ಅದೇ ಒಂದನ್ನು ಆರಿಸಿ, ಅದೇ ಜಾಗದಲ್ಲಿ, ಅದೇ ಮುಖವಾಗಿ ಮೇಸ್ತ್ರಿಯಿಂದ ಇಡಿಸಿದವರು ಯಾರು?

ಟೀ ಕಿತ್ತು ಕೈಗೆ ತೆಗೆದುಕೊಂಡೆ. ಸಿಕ್ಕಿದ್ದೇನೆಂದು ಹೇಳದೆ ನಸ್ರೀನಳಿಗೆ ಫೋನ್ ಮಾಡಿ, ಆ ಗುರುತು ಇದೆಯೇ ನೋಡು ಎಂದೆ. ಮೌಸ್ ಒತ್ತುವ ಸದ್ದು ಕೇಳಿತು.

"ಈಗ್ ತಾನೇ ಹೋಯ್ತು ಸರ್. ಅಲ್ಲಿ ಏನ್ ಮಾಡಿದ್ರಿ?"

ಅಂದಿನಿಂದ ಅದು ಮತ್ತೆ ಬರಲಿಲ್ಲ. ನಸ್ರೀನಳೂ ಬರಲಿಲ್ಲ. ಆಕೆಯ ಮನೆಗೆ ಹೋಗಿ ಸಂಬಳ ಏರಿಸುತ್ತೇನೆ ಎಂದೆ. "ಸಂಬಳ ಸಾಲ್ದು ಅಂತ ಬಿಟ್ಟಿದ್ದಲ್ಲ ಸರ್," ಎಂದಳು. ಈಗ ಮಾಲೂರಿನಲ್ಲಿ ಸ್ವಂತ ಆಫೀಸು ಇಟ್ಟಿದ್ದಾಳೆ. ನನ್ನ ಡ್ರಾಯಿಂಗ್ ಅಲ್ಲಿಗೇ ಹೋಗುತ್ತದೆ, ಆಕೆ ಹೇಳಿದ ರೇಟಿಗೆ. ಆ ದಿನ ಇಬ್ಬರ ಫೋನುಗಳೂ ನನ್ನ ಚೀಲದಲ್ಲಿದ್ದವು, ನಾಗರತ್ನಮ್ಮನವರು ನನ್ನ ಕಣ್ಣೆದುರಿಗಿದ್ದರು. ಟೀ ಕಿತ್ತದ್ದನ್ನು ಯಾರು ಆಕೆಗೆ ಹೇಳಿರಬಹುದು ಎಂದು ಇವತ್ತಿಗೂ ಯೋಚಿಸುತ್ತೇನೆ. ಯಾರಾದರೂ ಹೇಳಿದ್ದರು ಎಂದು ಗೊತ್ತಾದರೆ ನನಗೆ ಸಂತೋಷವೇ.

ಮನೆ ಕಟ್ಟಿಸುವವರಿಗೆ, ಕಟ್ಟುವವರಿಗೆ ನನ್ನದೊಂದು ಮಾತು. ಡ್ರಾಯಿಂಗ್ ಮಾಡುವವರನ್ನು ಕೆಲಸ ಶುರುವಾಗುವ ಮೊದಲೇ ಸೈಟಿಗೆ ಕರೆದುಕೊಂಡು ಹೋಗಿ ಎಲ್ಲ ಮೂಲೆಯನ್ನೂ ತೋರಿಸಿಬಿಡಿ. ಬಸ್ ಚಾರ್ಜ್ ನೀವೇ ಕೊಡಿ, ಜಿಪುಣತನ ಬೇಡ. ಆಮೇಲೆ ಅವರು ಬರೆದದ್ದು ಗೋಡೆಯೊಳಗೆ ಸಿಕ್ಕರೆ, ಅಲ್ಲೇ ಎಲ್ಲೋ ನೋಡಿರಬೇಕು ಎಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಬಹುದು. ನನಗೆ ಆ ಅನುಕೂಲವಿಲ್ಲ.