ಬುಡ ನೋಡದೆ ಬೇಯಿಸಿದ ಅಣಬೆ

ಐವತ್ತರ ದಶಕದಲ್ಲಿ ನಾವು ಯಾದವಗಿರಿಯ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಬಂಗಲೆಯ ಯಜಮಾನಿ ಊರು ಬಿಡುವಾಗ ತಮ್ಮ ಇಂಗ್ಲಿಷ್ ಅಡುಗೆ ಪುಸ್ತಕವನ್ನು ನನಗೆ ಕೊಟ್ಟು ಹೋದರು. ನನ್ನ ಮಿಡ್ಲ್ ಸ್ಕೂಲಿನ ಇಂಗ್ಲಿಷಿಗೆ ಡಿಕ್ಷನರಿ ಜೋಡಿಸಿಕೊಂಡು ನಾನು ಅದರ ಹಿಂದೆ ಬಿದ್ದೆ. ಚೀನಾದ ನೂಡಲ್ಸ್ ಎಂದು ಶಾವಿಗೆ ಒರಳಲ್ಲಿ ಮೈದಾ ಒತ್ತಿ, ಎಲೆಕೋಸು, ವಿನೆಗರ್ ಹಾಕಿ ಬಡಿಸಿದ ದಿನ ನಮ್ಮ ಯಜಮಾನರು, "ಶಾವಿಗೆ ಹಳಸೋಗ್ಯದೆ ಕಣೇ" ಎಂದು ತಟ್ಟೆ ಸರಿಸಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆಮೇಲೆ ಒಂದು ವಾರ ಅವರಿಗೆ ಬರೀ ಮುದ್ದೆ, ಉಪ್ಸಾರು.

ಮಳೆಗಾಲದ ಒಂದು ಬೆಳಿಗ್ಗೆ ಅತ್ತೆ ಮಂಡಕಳ್ಳಿಯಿಂದ ಬಂದರು. ಮುತ್ತುಗದ ಎಲೆಯಲ್ಲಿ ಒಂದು ಗಂಟು ಅಣಬೆ ತಂದಿದ್ದರು.

"ಪಕ್ಕದ್ಮನೆ ಹೆಣ್ಮಕ್ಳು ಕಿತ್ತು ಕೊಟ್ರು ಕಣವ್ವ. ನಾನಿನ್ನೂ ಆರ್ಸಿ ನೋಡಿಲ್ಲ. ದೇವಸ್ಥಾನಕ್ಕೆ ಹೋಗ್ಬತ್ತೀನಿ, ಅಲ್ಲೀಗಂಟ ಮುಟ್ಬ್ಯಾಡ."

ಅವರು ಬಂದರೆ ಅದು ಸಾರಾಗುತ್ತದೆ ಎಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಫ್ರೆಂಚರ ಅಣಬೆ ಅಡುಗೆಯ ಪುಟವನ್ನು ಎಂದೋ ಓದಿಟ್ಟುಕೊಂಡಿದ್ದೆ. ಕಾಂಡ ಕತ್ತರಿಸಿ ಬಿಸಾಡಿ, ಮೇಲಿನ ಕೊಡೆ ಮಾತ್ರ ಸಾಕು ಎಂದಿತ್ತು. ಪೇಟೆಯಲ್ಲಿ ಬೆಳೆದ ನನಗೆ ಅಷ್ಟೇ ಸಾಕಾಯಿತು. ಕಾಂಡಗಳನ್ನು ಬೀದಿಯ ಹಸುವಿಗೆ ಹಾಕಿ, ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸುರಿದು ಅಣಬೆ ಬೇಯಿಸಿದೆ. ನಾಲ್ಕು ವರ್ಷದ ಮಗಳು ಒಂದು ಬಟ್ಟಲು ಮುಗಿಸಿ ಇನ್ನಷ್ಟು ಕೇಳಿದಳು. ನನ್ನ ಅಡುಗೆಯನ್ನು ಕೇಳಿ ತಿಂದವಳು ಅವಳೇ ಮೊದಲು. ನಾನಿನ್ನೂ ಬಾಯಿಗಿಟ್ಟಿರಲಿಲ್ಲ, ಆದರೂ ಉಬ್ಬಿ ಹೋದೆ.

ಅತ್ತೆ ಬಂದವರೇ ಪಾತ್ರೆಯೊಳಗೆ ನೋಡಿದರು. "ಬುಡ ಎಲ್ಲವ್ವ?"

"ಬಿಸಾಕ್ದೆ ಅತ್ತೆಮ್ಮ."

"ಹುತ್ತದಲ್ಲಿ ಏಳೋ ಒಳ್ಳೇದಕ್ಕೆ ಉದ್ದ ಬೇರಿರ್ತದೆ. ವಿಷದ್ದಕ್ಕೆ ಬುಡದಲ್ಲಿ ಗೆಡ್ಡೆ ಇರ್ತದೆ. ಬುಡ ನೋಡ್ದೆ ಯಾರಾರ ಬೇಯಿಸ್ತಾರಾ?" ಎಂದವರು ಮಗುವಿನ ಕೈಯಲ್ಲಿದ್ದ ಬಟ್ಟಲನ್ನು ಕಂಡು ಕಿತ್ತುಕೊಂಡರು.

ಕಾಂಡ ಉಳಿದಿದೆಯೇನೋ ಎಂದು ಬೀದಿಗೆ ಓಡಿದೆ. ಹಸು ಒಂದು ಚೂರೂ ಉಳಿಸಿರಲಿಲ್ಲ. ಮಗಳಿಗೆ ವಾಂತಿಯಾಗಲೆಂದು ಉಪ್ಪುನೀರು ಕುಡಿಸಿದರೆ ನೀರನ್ನೆಲ್ಲ ಉಗುಳಿದಳು. ಜಟಕಾ ಮಾಡಿಕೊಂಡು ಡಾಕ್ಟರ ಬಳಿಗೆ ಹೋದೆವು. ಅವರು ಹೊಟ್ಟೆ ಒತ್ತಿ ನೋಡಿ, "ಈಗಲೇ ಏನೂ ಗೊತ್ತಾಗಲ್ಲಮ್ಮ. ವಿಷ ಇದ್ರೆ ಕೆಲವು ಗಂಟೆ ಆದ್ಮೇಲೆ ಕಾಣ್ಸುತ್ತೆ. ಹೊಟ್ಟೆ ನುಲಿಯೋಕೆ ಶುರುವಾದ ತಕ್ಷಣ ಕರ್ಕೊಂಡ್ಬನ್ನಿ" ಎಂದರು.

ಮನೆಗೆ ಬಂದು ಅವಳನ್ನೇ ನೋಡುತ್ತಾ ಕೂತೆ. ಅಷ್ಟು ಭಯ ನಾನು ಬದುಕಿನಲ್ಲಿ ಮತ್ತೆಂದೂ ಪಟ್ಟಿಲ್ಲ. ನಿಮಿಷಕ್ಕೊಮ್ಮೆ "ಹೊಟ್ಟೆ ನೋಯ್ತದಾ?" ಎಂದು ಕೇಳಿ ಕೇಳಿ ಅವಳಿಗೆ ಅದು ಆಟವಾಯಿತು. ಒಮ್ಮೆ ಹೂಂ ಎನ್ನುವಳು, ಒಮ್ಮೆ ಊಹೂಂ ಎಂದು ನಗುವಳು.

ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಆ ಪಾತ್ರೆ ತಂದು ನನ್ನೆದುರು ಕೂತರು. "ಮಗೀಗೆ ಹೇಳಕ್ ಬರಕಿಲ್ಲ. ನಂದು ವಯಸ್ಸಾದ ಹೊಟ್ಟೆ, ಏನಾರ ಆದ್ರೆ ಬೇಗ ತಿಳೀತದೆ. ಆಗ್ಲೇ ಇವ್ಳನ್ನ ಎತ್ಕೊಂಡು ಓಡು" ಎಂದು ತಿನ್ನತೊಡಗಿದರು.

ಸಂಜೆಯಾಯಿತು, ಮರುದಿನ ಬೆಳಗೂ ಆಯಿತು. ಇಬ್ಬರಿಗೂ ಏನೂ ಆಗಲಿಲ್ಲ. ವಿಷಯ ತಿಳಿದು ಯಜಮಾನರು ನನ್ನ ಮೇಲೆ ಕೂಗಾಡಿದಾಗ ಅತ್ತೆಯೇ, "ಅವ್ಳಿಗೇನ್ ಗೊತ್ತು, ಬುಡ್ಲಾ" ಎಂದು ಬಾಯಿ ಮುಚ್ಚಿಸಿದರು. ತಾವು ತಿಂದದ್ದನ್ನು ಮಗನಿಗೆ ಹೇಳಲೇ ಇಲ್ಲ.

ನಾನೂ ಹೇಳಲಿಲ್ಲ. ಹೇಳಿದ್ದರೆ, ನೀನೇಕೆ ತಡೆಯಲಿಲ್ಲ ಎಂದು ಯಜಮಾನರು ಕೇಳುತ್ತಿದ್ದರು. ಅತ್ತೆ ಪಾತ್ರೆಯ ತಳ ಬಳಿದು ತಿನ್ನುವವರೆಗೂ ನಾನು ಎದುರಿಗೇ ಕೂತಿದ್ದೆ, ಬೇಡ ಎನ್ನಲಿಲ್ಲ.