ಎರಡರಿಂದ ನಾಲ್ಕರ ಗೇಟ್ ಡ್ಯೂಟಿ

ಸೈನ್ಯದಲ್ಲಿ ನಾಯಕ್ ಆಗುವ ಮೊದಲಿನ ಟ್ರೇನಿಂಗಿನಲ್ಲಿ ಉಸ್ತಾದರು ನಮಗೆಲ್ಲ ಒಂದೊಂದು ಹಾಳೆ ಕೊಟ್ಟು, ಜವಾನರನ್ನು ಹೇಗೆ ನಡೆಸುತ್ತೀರಿ, ಬರೆಯಿರಿ ಎಂದಿದ್ದರು. ಉಳಿದವರು ಹಾಳೆಯ ಎರಡೂ ಬದಿ ತುಂಬಿಸಿದರು. ನಾನು ಬರೆದದ್ದು ಒಂದೇ ಸಾಲು: ನಾನು ಮಾಡದ ಕೆಲಸವನ್ನು ಇನ್ನೊಬ್ಬನಿಗೆ ಹೇಳುವುದಿಲ್ಲ. ಉಸ್ತಾದರಿಗೆ ಬಹಳ ಖುಷಿಯಾಯಿತು. ಅವತ್ತೇ ಬಕೆಟ್ಟು, ಪೊರಕೆ ಕೊಟ್ಟು ಪಾಯಖಾನೆ ತೊಳೆಯಲು ಕಳಿಸಿದರು.

ಆದರೂ ಆ ಸಾಲನ್ನು ನಾನು ಬಿಡಲಿಲ್ಲ. ಹವಾಲ್ದಾರನಾಗಿ ನಿವೃತ್ತನಾಗಿ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ ಮಾಡಿ, ಅಲ್ಲೇ ಪಕ್ಕದ ಠಾಣೆ ಊರಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದ ಮೇಲೂ ಅದೇ ಚಾಳಿ. “ಫೌಜ್ ಮುಗದು ಎಷ್ಟ್ ವರ್ಷಾತು, ಯಾರರ ಇವರಿಗೆ ಹೇಳ್ರಪಾ” ಎಂದು ಹೆಂಡತಿ ಬಂದವರ ಮುಂದೆಲ್ಲ ಕಾಲೆಳೆಯುತ್ತಾಳೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ವಾಚ್‌ಮನ್ ಗೇಟಿನಲ್ಲಿ ನಿಂತಲ್ಲೇ ನಿದ್ದೆ ಹೋಗಿದ್ದ. ವಿಜಯಪುರದ ಕಡೆಯವನು, ದೂರದ ಬದಲಾಪುರದಿಂದ ಬೆಳಗಿನ ಮೊದಲ ಲೋಕಲ್ ಟ್ರೇನು ಹಿಡಿದು ಬರುತ್ತಾನೆ. ನಾನೇ ಹೋಗಿ ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿದೆ. ಮೈಸೂರಿನವರಾದ ಸೊಸೈಟಿ ಸೆಕ್ರೆಟರಿ ಬಾಲ್ಕನಿಯಿಂದ ಎಲ್ಲ ನೋಡಿದ್ದರು.

“ಇದು ಎರಡನೇ ಸಲ ರೀ. ನಾಳೆ ಐದು ಗಂಟೆಗೆ ಮೀಟಿಂಗ್. ಅಷ್ಟರೊಳಗೆ ರಿಪೋರ್ಟ್ ಕೊಡಿ, ತೆಗೆದುಬಿಡೋಣ” ಎಂದರು.

ಸುಳ್ಳೇಕೆ, ನನಗೂ ಸಿಟ್ಟು ನೆತ್ತಿಗೇರಿತ್ತು. ಅವನ ಮಗಳು ಹತ್ತನೇ ಕ್ಲಾಸು, ಈ ಕೆಲಸ ಹೋದರೆ ಮನೆ ನಡೆಯುವುದಿಲ್ಲ ಎಂದು ಗೊತ್ತಿದ್ದೂ ಬರೆಯಲು ಕೂತೆ. ಪೆನ್ನು ಎತ್ತಿದ ಮೇಲೆ ಹಳೆಯ ಸಾಲು ಅಡ್ಡ ಬಂತು. ಈ ಬಿಸಿಲಲ್ಲಿ ಈ ಗೇಟಿನಲ್ಲಿ ನಾನು ಒಂದು ದಿನವೂ ನಿಂತವನಲ್ಲ.

ಮರುದಿನ ಎರಡು ಗಂಟೆಗೆ ಅವನಿಗೆ ಹೇಳಿದೆ, “ನೀ ಕ್ಯಾಬಿನ್‌ನ್ಯಾಗ ಕೂಡು. ಡ್ಯೂಟಿ ಹೆಂಗ ಮಾಡ್ತಾರ ನೋಡು.” ಹಿಮದಲ್ಲಿ ಪಹರೆ ಕೊಟ್ಟವನು ನಾನು, ಈ ಗೇಟು ಯಾವ ಲೆಕ್ಕ ಎಂಬ ಜಂಬ.

ಅರ್ಧ ಗಂಟೆ ಎದೆಯುಬ್ಬಿಸಿ ನಿಂತದ್ದು ನೆನಪಿದೆ. ಆಮೇಲೆ ಬೆನ್ನಿಗೆ ಗೋಡೆ ಸಿಕ್ಕಿದ್ದು ನೆನಪಿದೆ. ಆಮೇಲಿನದೇನೂ ನೆನಪಿಲ್ಲ.

“ನಿದ್ದೆ ಆಯ್ತಾ ಹವಾಲ್ದಾರ್ರೇ?”

ಕಣ್ಣು ಬಿಟ್ಟರೆ ಎದುರಿಗೆ ಸೆಕ್ರೆಟರಿ. ಅವರ ಕಾರು ಆಗಲೇ ಒಳಗೆ ಬಂದು ನಿಂತಿತ್ತು. ಗೇಟಿನ ಹತ್ತಿರ ನಮ್ಮ ವಾಚ್‌ಮನ್. ರಿಜಿಸ್ಟರಿನಲ್ಲಿ ಅವನ ಸೊಟ್ಟ ಅಕ್ಷರದಲ್ಲಿ ಆರು ಗಾಡಿಗಳ ನಂಬರು. ಭೂಮಿ ಬಾಯಿಬಿಡಬಾರದೇ ಅನಿಸಿತು.

ಸೆಕ್ರೆಟರಿ ದೊಡ್ಡ ಮನಸ್ಸು ಮಾಡಿದರು. “ನಿಮ್ಮದನ್ನ ನಾನು ನೋಡೇ ಇಲ್ಲ, ಬಿಡಿ. ಅವನ ರಿಪೋರ್ಟ್ ಮಾತ್ರ ಕೊಟ್ಬಿಡಿ.”

ಕೊಟ್ಟೆ. ಮೊದಲ ಹೆಸರು ನನ್ನದು, ಎರಡನೆಯದು ಅವನದು. ಕೆಳಗೆ, ‘ತೆಗೆಯುವುದಾದರೆ ಹಿರಿತನದ ಪ್ರಕಾರ ತೆಗೆಯಬೇಕಾಗಿ ವಿನಂತಿ.’ ಅವರು ಎರಡು ಸಲ ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಮೀಟಿಂಗಿನಲ್ಲಿ ಲಿಫ್ಟು, ನೀರು, ಪಾರ್ಕಿಂಗ್ ಎಲ್ಲದರ ಜಗಳವಾಯಿತು. ನಮ್ಮಿಬ್ಬರ ಸುದ್ದಿ ಬರಲೇ ಇಲ್ಲ.

ಸಂಜೆ ಅವನನ್ನು ಕೇಳಿದೆ, “ಅಲ್ಲೋ, ನನ್ನ ಯಾಕ ಎಬ್ಬಸ್ಲಿಲ್ಲ?”

“ನಿನ್ನಿ ನೀವು ನನ್ನ ಎಬ್ಬಸಿದ್ರಲ್ಲರೀ ಸಾಹೇಬ್ರ, ಆಗ ನಿಮ್ಮ ಮುಖ ನೋಡಿದ್ದೆ” ಎಂದ. “ಅಂಥಾ ಮುಖ ನಾ ನಿಮಗ ತೋರಸೂದು ಬ್ಯಾಡ ಅನಿಸ್ತು.”