ಮೊದಲು ಕೆಟ್ಟದ್ದು ಯಾವುದು

ಶ್ರಾವಣದ ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಿದೆ. ಸೊಂಟದಲ್ಲಿ ಚಳಕ್ಕೆಂದಿತು. ಕೊಡ ಇಳಿಸಲಿಲ್ಲ; ಒಳಗೆ ತಂದೇ ಇಟ್ಟೆ.

ಹಾಗೆಂದು ನೆನಪು. ಆ ನೆನಪಿನ ಮೇಲೆ ಈಗ ಪೂರ್ತಿ ಭರವಸೆಯಿಲ್ಲ.

ನೋವು ಹೋಗಲಿಲ್ಲ. ಮಗ್ಗುಲು ಬದಲಿಸಿದರೆ ಎಚ್ಚರ, ಎಚ್ಚರವಾದರೆ ನೋವು. ನಿದ್ದೆಗೆಟ್ಟ ಮೈ ಮರುದಿನ ಸಣ್ಣ ನೋವನ್ನೂ ದೊಡ್ಡದು ಮಾಡುತ್ತಿತ್ತು. ಸಂಜೆಯಾದರೆ ಹಾಸಿಗೆಯ ಸುರುಳಿ ಕಂಡರೇ ಭಯ. ಗದುಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಶಿಕ್ಷಕಿ. ತರಗತಿಯಲ್ಲಿ ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿದ್ದವು, ಮನೆಯಲ್ಲಿ ಮಲಗಿದರೆ ಮುಚ್ಚುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಎಲುಬು ಸರಿ ಐತಿ" ಎಂದರು. ಆಮೇಲೆ ಕೇಳಿದರು: "ಮೊದಲ ನೋವು ಬಂತೋ, ನಿದ್ದಿ ಕೆಟ್ಟಿತೋ?"

"ನೋವು" ಎಂದೆ.

"ನಿದ್ದಿ ರೀ" ಎಂದರು ನನ್ನ ಗಂಡ. "ನೋವಿಗಿಂತ ಮೊದಲ ರಾತ್ರೆಲ್ಲಾ ಹುಡುಗ್ಯಾರ ಪೇಪರ ತಿದ್ದಕೋತ ಎದ್ದ ಇರತಿದ್ಲು."

ಡಾಕ್ಟರು ನನ್ನತ್ತ ನೋಡದೆ ಅವರಿಗೆ ಹೇಳಿದರು: "ಹಂಗಾರ ನೌಕರಿ ಬಿಡಸ್ರಿ."

ಇಷ್ಟು ಸಲೀಸು.

ನೋವು ಮೊದಲಾದರೆ ತಪ್ಪು ನೀರಿನ ಕೊಡದ್ದು, ಮನೆಯದು. ನಿದ್ದೆ ಮೊದಲಾದರೆ ತಪ್ಪು ಶಾಲೆಯದು. ಕೊಡ ಬಿಡಿಸಿ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಧಾರವಾಡದಲ್ಲಿ ಬಿ.ಎ. ಓದಿ ಪಡೆದ ನೌಕರಿ ಆ ಒಂದು ಉತ್ತರದ ಮೇಲೆ ನಿಂತಿತ್ತು. ಇನ್ನೂ ಹೆಚ್ಚಿನ ಸಿಟ್ಟು ಯಾವುದಕ್ಕೆಂದರೆ, ಗಂಡನ ಮಾತು ಸುಳ್ಳೆಂದು ಎದೆ ತಟ್ಟಿ ಹೇಳಲು ನನಗಾಗಲಿಲ್ಲ. ಪೇಪರು ತಿದ್ದಿದ್ದು ಖರೆ. ಅದು ಕೊಡ ಎತ್ತುವುದಕ್ಕೆ ಮುಂಚೆಯೋ, ಆಮೇಲೋ?

ರಜೆ ಹಾಕಿ ಮನೆಯಲ್ಲಿ ಉಳಿದೆ. ಬೆಟಗೇರಿಯಲ್ಲಿ ನಮ್ಮದು ನೇಕಾರರ ಮನೆ. ನಾನು ಮಲಗಲೆಂದು ಮಾವನವರು ಮಧ್ಯಾಹ್ನ ಮಗ್ಗ ನಿಲ್ಲಿಸಿದರು. ನೇಕಾರ ತೋರಿಸಬಹುದಾದ ದಯೆ ಅದಕ್ಕಿಂತ ದೊಡ್ಡದಿಲ್ಲ. ಅದೇ ನನಗೆ ಹಿಂಸೆಯಾಯಿತು. ಲಾಳಿಯ ಸದ್ದಿಲ್ಲದ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನನ್ನ ನಿದ್ದೆಯನ್ನು ಕಾಯುತ್ತಿದ್ದರು. ಅತ್ತೆ ಬಾಗಿಲಲ್ಲಿ ತಲೆ ಹಾಕಿ ಕೇಳುವರು: "ಹತ್ತಿತೇನವಾ ನಿದ್ದಿ?"

ಕನ್ನಡ ನಾಡು ಒಂದಾದ ದಿನ ಓಣಿಯಲ್ಲೆಲ್ಲ ಜೈಕಾರ. ಅತ್ತೆ ಪೇಢೆ ತಂದು ಕೈಗಿಟ್ಟರು. "ತಿನ್ನವಾ, ನಾಡೆಲ್ಲಾ ಒಂದಾತು. ಇನ್ನ ನೀನೂ ಸಾಲಿ ಬಿಟ್ಟ ಆರಾಮ ಮನ್ಯಾಗ ಇರು."

ಪೇಢೆ ಬಾಯಲ್ಲೇ ಇತ್ತು. ಕೂಗಿದೆ.

"ಬಿಡೂದಿಲ್ರಿ! ಯಾವದು ಮೊದಲು ಅಂತ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಕೊಡಾ ನಿಮ್ಮ ಮಗ ತರಲಿ. ಮಾವಾರ, ನೀವು ಮೊದಲ ನೇಯಾಕ ಕುಂಡ್ರಿ!"

ಮಾವ ಎದ್ದು ಮಗ್ಗದ ಕಡೆ ನಡೆದರು.

"ಸೊಂಟ ಹಿಡದೈತಿ ಖರೆ, ಬಾಯಿಗೇನೂ ಆಗಿಲ್ಲ ಬಿಡು" ಎಂದು ನಕ್ಕರು.

ಲಾಳಿ ಓಡಿತು. ಇನ್ನು ಯಾರೂ ನನ್ನನ್ನು ಕಾಯುತ್ತಿರಲಿಲ್ಲ. ನಿದ್ದೆ ಹೋದೆ. ಮಗ್ಗದಿಂದಲೋ, ಕೂಗಿದ್ದರಿಂದಲೋ, ಹೇಳಲಾರೆ.

ಈಗ ಶಾಲೆಗೆ ಹೋಗುತ್ತಿದ್ದೇನೆ. ನೋವಿದೆ. ನಿದ್ದೆ ಬಂದ ಮರುದಿನ ಅದು ಸ್ವಲ್ಪ ಮೆತ್ತಗಿರುತ್ತದೆ. ಕೆಲವು ಸಲ ಅದೂ ಇಲ್ಲ. ಗಂಡ ಕೊಡ ಹೊತ್ತು ಬರುವಾಗ ಓಣಿಯವರು ನಗುತ್ತಾರೆ. ನಿನ್ನೆ ನನ್ನ ಗಂಡ ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು.

"ಮೊದಲ ಯಾವದು ಕೆಟ್ಟಿತ್ರಿ?" ಎಂದು ಕೇಳಿದೆ.

ಇವತ್ತು ಬೆಳಿಗ್ಗೆಯೂ ಕೊಡ ತಂದರು. ಅಷ್ಟರ ಮಟ್ಟಿಗೆ ಉಪಕಾರ.